ಶರದೃತುವಿನಲ್ಲಿ ತುಡುವೆ ಜೇನಿನ ಆರೈಕೆ

ಆಟಿಯ ಮಳೆ ಕಳೆದು, ಸೋಣ ತಿಂಗಳೂ ಮುಗಿಯುತ್ತ ಬಂದು, ಕನ್ಯಾ ಮಾಸದ ಬಿಸಿಲು ಅಂಗಳದಲ್ಲಿ ಕಾಣಿಸಿಕೊಳ್ಳುವ ಈ ಕಾಲದಲ್ಲಿ ನಮ್ಮ ಕೃಷಿಕ ಬಾಂಧವರಿಗೆ ಕೈತುಂಬ ಕೆಲಸ. ತೋಟದ ಹುಲ್ಲು ಸವರಬೇಕು, ಬಿದ್ದ ಅಡಿಕೆ ಹೆಕ್ಕಬೇಕು, ಬೈಲಿನಲ್ಲಿ ಏಣೆಲಿನ ಪೈರು ಕೊಯ್ಲಿಗೆ ಬರುತ್ತಿರುತ್ತದೆ. ಇಷ್ಟರ ನಡುವೆ ಮನೆಯ ಹಿಂದಿನ ಜೇನು ಪೆಟ್ಟಿಗೆಯ ನೆನಪು ಹೆಚ್ಚಿನವರಿಗೆ ಬರುವುದಿಲ್ಲ. ಅದು ನೆನಪಾಗುವುದು ರಬ್ಬರು ಚಿಗುರುವ ಕಾಲಕ್ಕೆ. ಆಗ ಮುಚ್ಚಳ ತೆಗೆದರೆ ಒಳಗೆ ಬಲೆ ಕಟ್ಟಿದ ಕಪ್ಪು ಎರಿ, ಮೂಲೆಯಲ್ಲಿ ಒಂದು ಹಿಡಿ ನೊಣ. "ಈ ಸಲ ಜೇನು ಆಗಲಿಲ್ಲ ಮಾಷ್ಟ್ರೇ" ಎಂದು ನಮ್ಮಲ್ಲಿ ಬಂದು ಹೇಳುವವರು ಮಾಘ ಫಾಲ್ಗುಣದಲ್ಲಿ ಹೇಳುತ್ತಾರೆ. ಆದರೆ ಜೇನು ತಪ್ಪಿಹೋದದ್ದು ಭಾದ್ರಪದ ಆಶ್ವಯುಜದಲ್ಲಿ. ಅದು ಹೇಗೆಂಬುದನ್ನೂ, ಈಗ ಮಾಡತಕ್ಕ ಕೆಲಸವೇನೆಂಬುದನ್ನೂ ತಿಳಿಸುವುದು ಇಂದಿನ ಪಾಠದ ಉದ್ದೇಶ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಿಕೊಳ್ಳಬೇಕು. ಜೇನು ಸಾಕಣೆಯ ಪುಸ್ತಕಗಳಲ್ಲಿ ಅನೇಕವು ಚಳಿದೇಶಗಳ ಅನುಭವದಿಂದ ಬರೆದಂಥವು. ಅಲ್ಲಿ ಶರತ್ಕಾಲದ ಸಿದ್ಧತೆಯೆಂದರೆ ಮುಂದೆ ಬರುವ ಹಿಮಕ್ಕೆ ಸಿದ್ಧತೆ. ಹದಿನೈದಿಪ್ಪತ್ತು ಕಿಲೋ ಜೇನನ್ನು ನೊಣಗಳಿಗೇ ಬಿಟ್ಟು, ಬಾಗಿಲನ್ನು ಕಿರಿದು ಮಾಡಿ, ಪೆಟ್ಟಿಗೆಗೆ ಹೊದಿಕೆ ಹೊದೆಸಿ, ವಸಂತ ಬರುವ ತನಕ ಮುಟ್ಟದೆ ಬಿಡುವರು. ಅಲ್ಲಿಯ ನೊಣ ಯುರೋಪಿನ ಜಾತಿಯದು, ಮೈಯಲ್ಲಿ ದೊಡ್ಡದು. ಕಷ್ಟಕಾಲದಲ್ಲಿ ಗೂಡಿನೊಳಗೇ ಒತ್ತಾಗಿ ಮುದುಡಿ ಕುಳಿತಿರುವುದು. ನಮ್ಮ ತುಡುವೆಯ ಸ್ವಭಾವ ಬೇರೆ. ಹಸಿವು, ಇರುವೆ, ಹುಳದ ಕಾಟ, ಅತಿಯಾದ ಗಲಾಟೆ, ಇವುಗಳಲ್ಲಿ ಯಾವುದೊಂದು ಮಿತಿಮೀರಿದರೂ ರಾಣಿಸಹಿತ ಇಡೀ ಸಂಸಾರ ಗೂಡು ಬಿಟ್ಟು ಹೊರಟುಹೋಗುವುದು.

ಹಾಗಾದರೆ ನಮ್ಮ ಜೇನಿಗೆ ಚಳಿಗಾಲ ಯಾವುದು? ಜೂನ್‌ನಿಂದ ಆಗಸ್ಟ್ ತನಕದ ಮಳೆಗಾಲವೇ. ಹೂವಿದ್ದರೂ ಮಕರಂದ ತೊಳೆದು ಹೋಗಿರುತ್ತದೆ. ದಿನಗಟ್ಟಲೆ ನೊಣ ಬಾಗಿಲು ದಾಟಲಾರದು. ಇದ್ದ ಜೇನನ್ನು ತಿಂದು ಮುಗಿಸಿ, ರಾಣಿ ಮೊಟ್ಟೆ ಇಡುವುದನ್ನು ಬಹಳ ಕಡಿಮೆ ಮಾಡುವುದು. ಸೆಪ್ಟೆಂಬರ್ ತಿಂಗಳಲ್ಲಿ ಪೆಟ್ಟಿಗೆಯಲ್ಲಿ ಉಳಿದಿರುವುದು ಉಪವಾಸ ಮಾಡಿದ ಮುದಿ ನೊಣಗಳು. ಆದುದರಿಂದ ನಮ್ಮ ನಾಡಿನಲ್ಲಿ ಶರತ್ಕಾಲವೆಂದರೆ ಬಸವಳಿದ ಸಂಸಾರವನ್ನು ಎತ್ತಿ ನಿಲ್ಲಿಸುವ ಕಾಲ.

ಎಷ್ಟು ಬೇಗ ಎತ್ತಿ ನಿಲ್ಲಿಸಬೇಕೆಂಬುದನ್ನು ನಾವು ಶಾಲೆಯ ಮಕ್ಕಳಿಗೆ ಕರಿಹಲಗೆಯ ಮೇಲೆ ಲೆಕ್ಕವಾಗಿಯೇ ಹೇಳಿಕೊಡುತ್ತೇವೆ. ಓದುಗರೂ ಒಂದು ಚೂರು ಕಾಗದ ತೆಗೆದುಕೊಳ್ಳಲಿ.

ನಮ್ಮ ಸೀಮೆಯಲ್ಲಿ ಜೇನಿನ ದೊಡ್ಡ ಫಸಲು ರಬ್ಬರಿನಿಂದ. ಮರ ಎಲೆ ಉದುರಿಸಿ, ಜನವರಿಯ ಕೊನೆಗೂ ಫೆಬ್ರವರಿಯಲ್ಲೂ ಹೊಸ ಎಲೆ ಬಿಡುವಾಗ, ತೊಟ್ಟಿನ ತುದಿಯಲ್ಲಿ ಮೂರು ಎಲೆಗಳು ಕೂಡುವ ಜಾಗದಿಂದ ಮಕರಂದ ಒಸರುತ್ತದೆ. ಹೂವಿನಿಂದಲೇ ಜೇನೆಂದು ತಿಳಿದವರಿಗೆ ಇದು ಸೋಜಿಗವೆನಿಸೀತು. ಫೆಬ್ರವರಿ 1ರಂದು ಈ ಮಕರಂದ ತರಲು ನೊಣ ಬೇಕೆಂದು ಇಟ್ಟುಕೊಳ್ಳೋಣ.

ತುಡುವೆಯ ಕೆಲಸಗಾರ ನೊಣ ಮೊಟ್ಟೆಯಿಂದ ತೊಡಗಿ ರೆಕ್ಕೆ ಮೂಡಿ ಹೊರಬರಲು ಸುಮಾರು 20 ದಿನ ಬೇಕು. ಮೊದಲ 3 ದಿನ ಮೊಟ್ಟೆ; ಮತ್ತೆ ಐದಾರು ದಿನ ತಿಂದು ಬೆಳೆಯುವ ಮರಿ; ಉಳಿದ ದಿನ ಮುಚ್ಚಿದ ಕೋಶದೊಳಗೆ. ಹೊರಬಂದ ನೊಣ ಕೂಡಲೇ ಹೂವಿಗೆ ಹೋಗುವುದಿಲ್ಲ. ಕೋಶ ಗುಡಿಸುವುದು, ಮರಿಗೆ ಉಣಿಸುವುದು, ಎರಿ ಕಟ್ಟುವುದು, ಬಾಗಿಲು ಕಾಯುವುದು ಎಂದು ಮೂರು ವಾರದ ಮಟ್ಟಿಗೆ ಅದಕ್ಕೆ ಮನೆಯೊಳಗಿನ ಕೆಲಸ. ಈ ಮೂರು ವಾರಗಳಲ್ಲಿ ಹತ್ತನೆಯ ದಿನದ ಸುಮಾರಿಗೆ ಅದು ಒಳ್ಳೆಯ ದಾದಿ.

ಈಗ ಹಿಂದಕ್ಕೆ ಎಣಿಸಿರಿ. ಫೆಬ್ರವರಿ 1ಕ್ಕೆ ಹೊರಗೆ ದುಡಿಯುವ ನೊಣ ಜನವರಿ 11ರಂದು ಕೋಶದಿಂದ ಹೊರಬಂದಿರಬೇಕು. ಅದರ ಮೊಟ್ಟೆ ಡಿಸೆಂಬರ್ 22ರದು. ಆ ಮೊಟ್ಟೆ ಮರಿಯಾಗುವುದು 25ರಂದು. ಅಂದು ಅದಕ್ಕೆ ಉಣಿಸುವ ಹತ್ತು ದಿನದ ದಾದಿಯ ಮೊಟ್ಟೆ ನವೆಂಬರ್ 25ರದು. ಆ ದಾದಿಯನ್ನು ಸಾಕಿದವಳ ಮೊಟ್ಟೆ ಅಕ್ಟೋಬರ್ 29ರದು. ಅವಳನ್ನು ಸಾಕಿದವಳ ಮೊಟ್ಟೆ ಅಕ್ಟೋಬರ್ 2ರದು! ಒಂದು ಸರದಿಗೂ ಇನ್ನೊಂದಕ್ಕೂ 27 ದಿನದ ಅಂತರ. ಒಬ್ಬರ ಜನ್ಮನಕ್ಷತ್ರ ಮರಳಿ ಬರುವಷ್ಟು ದಿನವೆಂದು ನೆನಪಿಟ್ಟುಕೊಂಡರೆ ಸುಲಭ. ಎಲ್ಲರೂ ಒಂದೇ ರಾಣಿಯ ಮಕ್ಕಳು, ಅಕ್ಕತಂಗಿಯರು. ಆದರೆ ಅಕ್ಕ ಇಲ್ಲದೆ ತಂಗಿ ಬೆಳೆಯುವುದಿಲ್ಲ. ಗಾಂಧಿ ಜಯಂತಿಯ ದಿನ ಪೆಟ್ಟಿಗೆಯಲ್ಲಿ ಒಂದು ಹಿಡಿ ಮೊಟ್ಟೆ ಮಾತ್ರವಿದ್ದರೆ, ಆ ತಿಂಗಳ ಕೊನೆಗೆ ದಾದಿಯರೂ ಒಂದು ಹಿಡಿ. ರಾಣಿ ಎಷ್ಟೇ ಮೊಟ್ಟೆ ಇಟ್ಟರೂ ಉಣಿಸುವವರಿಲ್ಲದೆ ವ್ಯರ್ಥ. ನಾಲ್ಕಾರು ದಿನದ ಹೆಚ್ಚುಕಡಿಮೆ ಇದ್ದೀತು, ಲೆಕ್ಕದ ದಾರಿ ಇದೇ. ವಯನಾಡಿನ ಓದುಗರು ರಬ್ಬರಿನ ಬದಲು ತಮ್ಮಲ್ಲಿ ಕಾಫಿ ಹೂ ಬಿಡುವ ದಿನವನ್ನು ಹಿಡಿದು ಹಿಂದಕ್ಕೆ ಎಣಿಸಿಕೊಳ್ಳಬಹುದು.

ಈ ಲೆಕ್ಕದ ಪ್ರಕಾರ ಮೊದಲ ತಪಾಸಣೆ ಸೆಪ್ಟೆಂಬರ್ 20ರ ಒಳಗೆ ಆಗಬೇಕು. ನಾವು ಅದನ್ನು ಓಣಂ ರಜೆಗೆ ಇಟ್ಟುಕೊಂಡಿದ್ದೇವೆ. ಮಳೆ ಹೊಳವು ಕೊಟ್ಟ ದಿನ, ಬೆಳಗ್ಗೆ ಒಂಬತ್ತರಿಂದ ಹನ್ನೊಂದರ ಒಳಗೆ ನೋಡಿ ಮುಗಿಸತಕ್ಕದ್ದು. ಮುಂದೆ ತುಲಾ ಮಾಸದಲ್ಲಿ ಮಧ್ಯಾಹ್ನ ಕಳೆದರೆ ಗುಡುಗು ಮಳೆ. ಆಗ ತೆರೆದರೆ ನೊಣಕ್ಕೂ ಸಿಟ್ಟು, ನಮಗೂ ಕುಟುಕು.

ತೆರೆಯುವ ಮೊದಲು ಕಾಲು ಗಂಟೆ ಬಾಗಿಲಿನ ಬದಿಯಲ್ಲಿ ಸುಮ್ಮನೆ ಕುಳಿತು ನೋಡಿರಿ. ಇದನ್ನು ಬಹಳ ಜನ ಮಾಡುವುದಿಲ್ಲ. ನಾಚಿಕೆಮುಳ್ಳು, ತುಂಬೆ, ತೆಂಗು ಹೂಬಿಡುವ ಕಾಲವಿದು. ಹಿಂಗಾಲುಗಳಲ್ಲಿ ಪರಾಗದ ಉಂಡೆ ಅಂಟಿಸಿಕೊಂಡು ನೊಣ ಅವಸರದಿಂದ ಒಳಗೆ ಹೋಗುತ್ತಿದ್ದರೆ ಮನೆಯಲ್ಲಿ ಮರಿಗಳುಂಟು, ತಾಯಿಯೂ ಉಂಟು ಎಂದು ಬಹುಮಟ್ಟಿಗೆ ನಂಬಬಹುದು. ನೊಣ ಬರಿಗಾಲಲ್ಲಿ ಬಂದು ಬಾಗಿಲಲ್ಲೇ ಸುಳಿದಾಡುತ್ತಿದ್ದರೆ ಸಂಶಯಪಡಬೇಕು. ಬಾಗಿಲ ಕೆಳಗೆ ನೆಲದಲ್ಲಿ ಬಿಳಿಯ ಸತ್ತ ಮರಿಗಳು ಬಿದ್ದಿವೆಯೇ ಎಂದೂ ನೋಡಿರಿ. ಅದರ ವಿಷಯ ಮುಂದೆ ಹೇಳುವೆವು.

ನಮ್ಮಲ್ಲಿ ಬಳಕೆಯಲ್ಲಿರುವುದು ಹೆಚ್ಚಾಗಿ ನ್ಯೂಟನ್ ಮಾದರಿಯ ಪೆಟ್ಟಿಗೆ. ತುಡುವೆಯ ಗಾತ್ರಕ್ಕೆ ಒಪ್ಪುವಂತೆ ಇದನ್ನು ರೂಪಿಸಿ 1911ರಿಂದ 1917ರ ವರೆಗೆ ದಕ್ಷಿಣ ಭಾರತದ ಹಳ್ಳಿಗರಿಗೆ ಕಲಿಸಿದವರು ಫಾದರ್ ನ್ಯೂಟನ್ ಎಂಬ ಪಾದ್ರಿಗಳು. 1956ರ ನವೆಂಬರ್ 1ರ ತನಕ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾರಣ, ಸಂಸಾರ ಕೋಣೆ, ಜೇನು ಕೋಣೆ ಎಂದು ಪುತ್ತೂರು ಸುಳ್ಯದವರು ಹೇಳುವ ಮಾತೇ ನಮ್ಮ ಬಾಯಲ್ಲೂ ಇದೆ. ಮಲಯಾಳದ ಕರಪತ್ರ ಕೈಗೆ ಬಂದಾಗ ಞೊಡಿಯಲ್ ಎಂದು ಕಂಡರೆ ಅದು ನಮ್ಮ ತುಡುವೆ; ಚೆರುತೇನ್ ಎಂದರೆ ಮುಜಂಟಿಯ ಜೇನು. ಒಂದರ ಆರೈಕೆಯನ್ನು ಇನ್ನೊಂದಕ್ಕೆ ಮಾಡಿ ಕೆಡಿಸಿಕೊಂಡವರನ್ನು ಕಂಡಿದ್ದೇವೆ, ಅದಕ್ಕಾಗಿ ಹೇಳಿದೆವು.

ಮಳೆಗಾಲದಲ್ಲಿ ಮೇಲಿನ ಜೇನು ಕೋಣೆಯನ್ನು ತೆಗೆಯದೆ ಬಿಟ್ಟಿದ್ದರೆ ಈಗ ತೆಗೆಯಿರಿ. ತೆಂಗಿನ ಸಿಪ್ಪೆಯ ಹೊಗೆಯನ್ನು ಬಾಗಿಲಲ್ಲಿ ಎರಡು ಸಲ ಊದಿ, ಸ್ವಲ್ಪ ತಡೆದು ಮುಚ್ಚಳ ಎತ್ತಬೇಕು. ಹೊಗೆ ಕಡಿಮೆಯಾದಷ್ಟೂ ಒಳ್ಳೆಯದು. ನೊಣವನ್ನು ಕೆಮ್ಮಿಸುವುದು ನಮ್ಮ ಉದ್ದೇಶವಲ್ಲ. ಬದಿಯ ಚೌಕಟ್ಟನ್ನು ಮೊದಲು ತೆಗೆದು ಗೋಡೆಗೆ ಒರಗಿಸಿಟ್ಟು ಜಾಗ ಮಾಡಿಕೊಂಡು, ಮತ್ತೆ ಒಂದೊಂದನ್ನೇ ಎತ್ತಿ ನೋಡತಕ್ಕದ್ದು. ಚೌಕಟ್ಟನ್ನು ಪೆಟ್ಟಿಗೆಯ ಮೇಲೆಯೇ ಹಿಡಿಯಬೇಕು. ರಾಣಿ ಕೆಳಗೆ ಬಿದ್ದರೆ ಒಳಗೇ ಬೀಳಲಿ. ಎರಿಯನ್ನು ಅಡ್ಡ ಮಲಗಿಸಬಾರದು, ಹೊಸ ಎರಿ ಮುರಿದು ಬೀಳುವುದು.

ಸೂರ್ಯ ನಮ್ಮ ಬೆನ್ನ ಹಿಂದೆ ಇರುವಂತೆ ನಿಂತು, ಹೆಗಲ ಮೇಲಿಂದ ಬಿಸಿಲು ಕೋಶದ ತಳಕ್ಕೆ ಬೀಳುವಂತೆ ಹಿಡಿಯಿರಿ. ಹೊಸಬರು ರಾಣಿಯನ್ನು ಹುಡುಕುತ್ತ ಅರ್ಧ ಗಂಟೆ ಕಳೆಯುವುದುಂಟು. ಅದರ ಅಗತ್ಯವಿಲ್ಲ. ಕೋಶದ ತಳದಲ್ಲಿ ಬಿಳಿ ನೂಲಿನ ಚೂರಿನಂತೆ ಒಂದು ಕೋಶಕ್ಕೆ ಒಂದೇ ಮೊಟ್ಟೆ ನಿಂತಿದ್ದರೆ, ಕಳೆದ ಮೂರು ದಿನಗಳ ಒಳಗೆ ರಾಣಿ ಅಲ್ಲಿಗೆ ಬಂದಿದ್ದಳೆಂದು ಅರ್ಥ. ಹಾಜರಿ ಪುಸ್ತಕದಲ್ಲಿ ಗುರುತು ಬಿದ್ದ ಮೇಲೆ ಮುಖ ನೋಡಲೇಬೇಕೆಂದು ನಾವೇಕೆ ಹಟ ಹಿಡಿಯಬೇಕು? ಮೊಟ್ಟೆಯ ಬಳಿಕ ಮರಿ. ಆರೋಗ್ಯವಾದ ಮರಿ ಮುತ್ತಿನಂತೆ ಬೆಳ್ಳಗೆ ಹೊಳೆಯುತ್ತ ಕೋಶದ ತಳದಲ್ಲಿ ಬಳೆಯ ಹಾಗೆ ಬಾಗಿ ಮಲಗಿರುವುದು. ಬಳಿಕ ಮುಚ್ಚಿದ ಕೋಶಗಳು. ಅವು ಎಡೆಬಿಡದೆ ಒತ್ತೊತ್ತಾಗಿದ್ದರೆ ರಾಣಿ ಗಟ್ಟಿ. ಹುಡುಗರ ಹಲ್ಲಿನಂತೆ ಅಲ್ಲಲ್ಲಿ ಬಿಟ್ಟುಹೋಗಿದ್ದರೆ ರಾಣಿ ಮುದಿಯಾಗಿದ್ದಾಳೆ, ಇಲ್ಲವೆ ರೋಗವುಂಟು.

ಒಂದೊಂದು ಕೋಶದಲ್ಲಿ ಎರಡು ಮೂರು ಮೊಟ್ಟೆಗಳು ಗೋಡೆಗೆ ಅಂಟಿಕೊಂಡು ಓರೆಯಾಗಿ ಕಂಡರೆ ರಾಣಿ ಇಲ್ಲವಾಗಿ ಬಹಳ ದಿನವಾಯಿತು, ಕೆಲಸಗಾರ ನೊಣಗಳೇ ಮೊಟ್ಟೆ ಇಡತೊಡಗಿವೆ ಎಂದು ತಿಳಿಯಬೇಕು. ಅವುಗಳಿಂದ ಗಂಡು ನೊಣವೇ ಹುಟ್ಟುವುದು. ಅಂತಹ ಪೆಟ್ಟಿಗೆಗೆ ರಾಣಿಯನ್ನು ಕೊಟ್ಟರೂ ಸ್ವೀಕರಿಸುವುದು ಕಷ್ಟ. ಅದರ ಮೇಲೆ ಸಕ್ಕರೆ ಖರ್ಚು ಮಾಡುವುದು ದಂಡ.

ಇನ್ನು ರೋಗದ ಮಾತು. ಇದನ್ನು ಬರೆಯುವಾಗ ನಮಗೆ ಬಾಲ್ಯದ ಒಂದು ಚಿತ್ರ ಕಣ್ಣ ಮುಂದೆ ಬರುತ್ತದೆ. ನಮ್ಮ ತೀರ್ಥರೂಪರಿಗೆ ಹದಿನಾಲ್ಕು ಪೆಟ್ಟಿಗೆಗಳಿದ್ದವು. ನಾವು ನಾಲ್ಕನೆಯ ತರಗತಿಯಲ್ಲಿದ್ದಾಗ ಒಂದು ಬೆಳಗ್ಗೆ ಶಾಲೆಗೆ ಹೊರಟವರು, ಪೆಟ್ಟಿಗೆಗಳ ಬಾಗಿಲ ಕೆಳಗೆ ಅಕ್ಕಿ ಚೆಲ್ಲಿದಂತೆ ಬೆಳ್ಳಗೆ ಕಂಡು ಹತ್ತಿರ ಹೋದೆವು. ಸತ್ತ ಮರಿಗಳು. ತೀರ್ಥರೂಪರು ದಿನವೂ ಗುಡಿಸುತ್ತಿದ್ದರು, ಮರುದಿನ ಮತ್ತೆ ಅಷ್ಟೇ. ಮುಂದಿನ ಮಳೆಗಾಲ ಮುಗಿಯುವಾಗ ಹದಿನಾಲ್ಕೂ ಖಾಲಿ. ಮನೆಯಲ್ಲಿ ಆ ಪೆಟ್ಟಿಗೆಗಳಲ್ಲಿ ಕೋಳಿ ಮೊಟ್ಟೆ ಇಡುತ್ತಿತ್ತು. ಅದು ನಮ್ಮ ಮನೆಯೊಂದರ ಕಥೆಯಲ್ಲ. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದಲ್ಲಿ ಹಬ್ಬಿ, ಸಾಕಿದ ತುಡುವೆ ಕುಟುಂಬಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ನಾಶವಾದವು. ಇಂದು ನಮ್ಮ ಹಿತ್ತಿಲಲ್ಲಿರುವುದು ಅಂದು ಬದುಕಿ ಉಳಿದ ಅಲ್ಪಸ್ವಲ್ಪದ ಸಂತತಿ.

ಆ ರೋಗ ಇಂದೂ ಆಗಾಗ ತಲೆಯೆತ್ತುವುದು. ಮರಿ ಕೋಶದಲ್ಲಿ ಬಳೆಯಂತೆ ಬಾಗಿರುವ ಬದಲು ಬೆನ್ನ ಮೇಲೆ ಉದ್ದಕ್ಕೆ ಮಲಗಿ, ತಲೆಯ ಭಾಗ ದೋಣಿಯ ಮೂತಿಯಂತೆ ಮೇಲಕ್ಕೆದ್ದಿರುವುದು. ಮೆಲ್ಲನೆ ಕಡ್ಡಿಯಿಂದ ಎತ್ತಿದರೆ ನೀರು ತುಂಬಿದ ಚೀಲದಂತೆ ಬರುವುದು. ಇದಕ್ಕೆ ಮದ್ದಿಲ್ಲ. ಪೇಟೆಯಿಂದ ಆಂಟಿಬಯೋಟಿಕ್ ತಂದು ಸಕ್ಕರೆ ಪಾಕದಲ್ಲಿ ಬೆರೆಸಿ ಕೊಡುವವರಿದ್ದಾರೆ; ವೈರಸ್ಸಿಗೆ ಅದು ನಾಟುವುದಿಲ್ಲ, ಅದರ ಅಂಶ ಜೇನಿನಲ್ಲಿ ಉಳಿದುಕೊಳ್ಳುವುದಷ್ಟೇ ಲಾಭ. ರೋಗ ಕಂಡ ಪೆಟ್ಟಿಗೆಯನ್ನು ಕೊನೆಗೆ ನೋಡಬೇಕು; ನೋಡಿದ ಮೇಲೆ ಕೈಯನ್ನೂ ಕತ್ತಿಯನ್ನೂ ಸಾಬೂನಿನಿಂದ ತೊಳೆಯಬೇಕು; ಅದರ ಎರಿಯನ್ನು ಬೇರೆ ಪೆಟ್ಟಿಗೆಗೆ ಕೊಡಲೇಬಾರದು. ರೋಗದ ಮರಿಗಳಿರುವ ಎರಿಯನ್ನು ಕತ್ತರಿಸಿ ಸುಟ್ಟು, ರಾಣಿಯನ್ನು ಕೆಲವು ದಿನ ಪಂಜರದಲ್ಲಿಟ್ಟು ಮೊಟ್ಟೆ ನಿಲ್ಲಿಸಿದರೆ, ಹೊಸ ಮರಿ ಇಲ್ಲದ ಆ ಬಿಡುವಿನಲ್ಲಿ ಕೆಲವು ಸಂಸಾರಗಳು ಚೇತರಿಸಿಕೊಳ್ಳುತ್ತವೆ. ಎಲ್ಲವೂ ಅಲ್ಲ. ನೆರೆಯ ಪೆಟ್ಟಿಗೆಗಳಿಗೆ ರೋಗ ಬಂದಾಗಲೂ ತಾನು ಹಿಡಿದು ನಿಂತ ಸಂಸಾರ ಯಾವುದೆಂದು ಗುರುತು ಮಾಡಿಡಿರಿ. ಮುಂದೆ ಪಾಲು ಮಾಡುವಾಗ ಅದರಿಂದಲೇ ಮಾಡತಕ್ಕದ್ದು. ಜೇನು ಹೆಚ್ಚು ಕೊಡುವ ಪೆಟ್ಟಿಗೆಗಿಂತ ಇದಕ್ಕೆ ಬೆಲೆ ಹೆಚ್ಚು.

ಒಳಗೆ ನೋಡಿಯಾದ ಮೇಲೆ ಎಣಿಕೆ. ಎಷ್ಟು ಎರಿ ಇದೆಯೆಂದು ಎಣಿಸಬಾರದು. ಎಷ್ಟು ಎರಿಗಳ ಎರಡೂ ಮುಖಗಳನ್ನು ನೊಣ ಮುಚ್ಚಿಕೊಂಡಿದೆಯೆಂದು ಎಣಿಸಬೇಕು. ಐದು ಅಥವಾ ಹೆಚ್ಚಾದರೆ ಆ ಸಂಸಾರ ಬಲಿಷ್ಠ. ಮೂರು ನಾಲ್ಕಾದರೆ ಆರೈಕೆಯಿಂದ ಮೇಲೆ ಬರುವುದು. ಎರಡು ಅಥವಾ ಕಡಿಮೆಯಾದರೆ, ನಾವು ಮೇಲೆ ಬರೆದ ಲೆಕ್ಕದಂತೆ, ಫೆಬ್ರವರಿಗೆ ಅದು ಮುಟ್ಟಲಾರದು. ನೊಣವಿಲ್ಲದ ಎರಿಗಳನ್ನೆಲ್ಲ ಹೊರಗೆ ತೆಗೆದು, ಉಳಿದವನ್ನು ಒತ್ತಾಗಿ ಒಂದು ಬದಿಗೆ ಸರಿಸಿ, ಕೊನೆಯ ಚೌಕಟ್ಟಿನ ಆಚೆಗೆ ಒಂದು ಅಡ್ಡಹಲಗೆ ನಿಲ್ಲಿಸಿರಿ. ಮನೆ ಸಣ್ಣದಾದರೆ ಮರಿಗೆ ಶಾಖ ಉಳಿಯುವುದು. ಕಾವಲಿಲ್ಲದ ಮೂಲೆ ಇರದಿದ್ದರೆ ಮೇಣದ ಹುಳಕ್ಕೆ ಎಡೆ ಇಲ್ಲ.

ಎರಡು 'ಎರಡೆರಿ' ಪೆಟ್ಟಿಗೆಗಳನ್ನು ಒಂದು ಮಾಡುವುದೇ ಈ ಕಾಲದ ಮುಖ್ಯ ಕೆಲಸ, ಮತ್ತು ಕೃಷಿಕರಿಗೆ ಅತ್ಯಂತ ಮನಸ್ಸಿಲ್ಲದ ಕೆಲಸವೂ ಅದೇ. ನಾವೂ ಅದಕ್ಕೆ ಹೊರತಾಗಿರಲಿಲ್ಲ. ಒಂದು ವರ್ಷ ಶಾಲಾ ಕಲೋತ್ಸವದ ತಯಾರಿಯೆಂದು ಪೆಟ್ಟಿಗೆ ನೋಡುವುದನ್ನು ದೀಪಾವಳಿಯ ತನಕ ಮುಂದೆ ಹಾಕಿದೆವು. ನೋಡಿದಾಗ ಏಳರಲ್ಲಿ ನಾಲ್ಕು ಬಡವಾಗಿದ್ದವು. ಕಷ್ಟಪಟ್ಟು ಸಾಕಿದ್ದನ್ನು ಕೂಡಿಸಿ ಎರಡು ಮಾಡಲು ಮನಸ್ಸಾಗದೆ ನಾಲ್ಕಕ್ಕೂ ಸಕ್ಕರೆ ಕೊಟ್ಟೆವು. ತಿಂಗಳೊಪ್ಪತ್ತಿನಲ್ಲಿ ನಾಲ್ಕೂ ಹೋದವು. ಎರಡನ್ನು ಮೇಣದ ಹುಳ ತಿಂದಿತು, ಎರಡು ಹೇಳದೆ ಕೇಳದೆ ಹಾರಿದವು. ಉಳಿದ ಮೂರರಲ್ಲಿ ಮಾತ್ರ ಆ ವರ್ಷದ ಜೇನು.

ನಮ್ಮ ನೆರೆಯಲ್ಲಿ ಹಿರಿಯ ಕೃಷಿಕರೊಬ್ಬರಿದ್ದಾರೆ, ನಾವು ಅಣ್ಣನೆಂದೇ ಕರೆಯುವುದು. ಅವರ ಐದು ಪೆಟ್ಟಿಗೆಗಳನ್ನು ನೋಡಿ, "ಅಣ್ಣ, ಈ ನಾಲ್ಕನ್ನು ಎರಡು ಮಾಡುವ" ಎಂದೆವು.

"ಐದು ಪೆಟ್ಟಿಗೆ ಉಂಟೆಂದು ಊರಿಗೆಲ್ಲ ಗೊತ್ತುಂಟು ಮಾಷ್ಟ್ರೇ. ಮೂರು ಮಾಡಿದರೆ ಜನ ಏನು ಹೇಳಿಯಾರು?"

"ಜನ ಪೆಟ್ಟಿಗೆ ಎಣಿಸಲಿ ಅಣ್ಣ. ಕುಪ್ಪಿ ಎಣಿಸುವುದು ನೀವಲ್ಲವೋ?"

ಅವರು ನಗಲಿಲ್ಲ. "ಅದಲ್ಲ ಮಾಷ್ಟ್ರೇ. ಎರಡು ರಾಣಿಯನ್ನು ತೆಗೆಯಬೇಕಲ್ಲ. ಮಳೆಗಾಲವಿಡೀ ಬದುಕಿ ಉಳಿದದ್ದನ್ನು ಈಗ ನಾನು ತೆಗೆಯುವುದು ಹೇಗೆ?"

ಈ ಮಾತಿಗೆ ನಮ್ಮಲ್ಲಿ ಒಳ್ಳೆಯ ಉತ್ತರವಿರಲಿಲ್ಲ, ಇಂದಿಗೂ ಇಲ್ಲ. ರಾಣಿಯನ್ನು ತೆಗೆಯುವಾಗ ನಮ್ಮ ಕೈಯೂ ಹಿಂಜರಿಯುತ್ತದೆ. ಆದರೆ ಆಕೆಯನ್ನು ಬಿಟ್ಟರೆ ಆಕೆಯೊಡನೆ ಎರಡೆರಿ ತುಂಬ ನೊಣವೂ ಹೋಗುವುದು. ತೆಗೆದರೆ ಆ ನೊಣಗಳು ಇನ್ನೊಂದು ತಾಯಿಯ ಮರಿಗಳಿಗೆ ದಾದಿಯರಾಗುವುವು. ಆ ವರ್ಷ ಅಣ್ಣ ಒಪ್ಪಲಿಲ್ಲ, ನಾವೂ ಒತ್ತಾಯಿಸಲಿಲ್ಲ. ಐದರಲ್ಲಿ ಮೂರು ತುಲಾ ಮಾಸದಲ್ಲೇ ಖಾಲಿಯಾದವು. ಮರುವರ್ಷ ಓಣಂ ರಜೆ ಸಿಕ್ಕಿದ ಕೂಡಲೇ ಅವರೇ ಆಳು ಕಳುಹಿಸಿ ನಮ್ಮನ್ನು ಕರೆಸಿಕೊಂಡರು.

ಕೂಡಿಸುವ ಕ್ರಮ ಹೀಗೆ. ಎರಡು ಪೆಟ್ಟಿಗೆಗಳು ದೂರವಿದ್ದರೆ ದಿನಕ್ಕೆ ಒಂದೆರಡು ಅಡಿಯಂತೆ ಹತ್ತಿರ ತರಬೇಕು, ನೊಣ ಹಾರುವ ಬಿಸಿಲ ದಿನಗಳಲ್ಲಿ ಮಾತ್ರ. ಒಮ್ಮೆಗೇ ಒಯ್ದರೆ ಹೊರಗೆ ಹೋದ ನೊಣ ಹಳೆಯ ಜಾಗಕ್ಕೇ ಮರಳಿ ಸುತ್ತಾಡಿ ಸಾಯುವುದು. ಎರಡರಲ್ಲಿ ಮೊಟ್ಟೆ ಸಾಲು ವಿರಳವಾಗಿರುವ ರಾಣಿಯನ್ನು ಹಿಂದಿನ ದಿನ ತೆಗೆಯಿರಿ. ಮರುದಿನ ಸಂಜೆ, ನೊಣವೆಲ್ಲ ಒಳಸೇರಿದ ಮೇಲೆ, ರಾಣಿ ಇರುವ ಪೆಟ್ಟಿಗೆಯ ಮುಚ್ಚಳ ತೆಗೆದು ಸಂಸಾರ ಕೋಣೆಯ ಮೇಲೆ ಒಂದು ಹಾಳೆ ವೃತ್ತಪತ್ರಿಕೆಯನ್ನು ಹಾಸಿ, ಸೂಜಿಯಿಂದ ಹತ್ತಾರು ತೂತು ಚುಚ್ಚಿ, ಸ್ವಲ್ಪ ಜೇನು ಸವರಿ, ಅದರ ಮೇಲೆ ರಾಣಿ ಇಲ್ಲದ ಸಂಸಾರ ಕೋಣೆಯನ್ನು ಇಟ್ಟು ಮುಚ್ಚಿರಿ. (ಓದಿ ಮುಗಿಸಿದ ಮೇಲೆ ಈ ಪತ್ರಿಕೆಯ ಹಾಳೆಯೂ ಆದೀತು, ಸಂಪಾದಕರು ಕ್ಷಮಿಸಲಿ.) ಒಂದು ಸಂಸಾರದ ವಾಸನೆ ಇನ್ನೊಂದಕ್ಕೆ ಹೊಸದು, ಎದುರೆದುರಾದರೆ ಕಾದಾಡುವುವು. ಕಾಗದವನ್ನು ಎರಡು ಕಡೆಯಿಂದಲೂ ಕಚ್ಚಿ ಹರಿಯುವಷ್ಟರಲ್ಲಿ ವಾಸನೆ ಬೆರೆತು ಜಗಳ ಇಲ್ಲದಾಗುವುದು. ಮೂರನೆಯ ದಿನ ಬಾಗಿಲ ಕೆಳಗೆ ಕಾಗದದ ಚೂರು ಬಿದ್ದದ್ದನ್ನು ಕಂಡರೆ ಕೆಲಸ ಆಯಿತೆಂದು ತಿಳಿದು, ಮರಿಯಿರುವ ಎರಿಗಳನ್ನೆಲ್ಲ ಕೆಳಗಿನ ಕೋಣೆಗೆ ಸೇರಿಸಿರಿ. ರೋಗವಿರುವ ಸಂಸಾರವನ್ನು ಮಾತ್ರ ಯಾವುದರೊಡನೆಯೂ ಕೂಡಿಸಬಾರದು. ಕೆಲಸಗಾರ ನೊಣವೇ ಮೊಟ್ಟೆ ಇಡತೊಡಗಿದ ಪೆಟ್ಟಿಗೆಯನ್ನು ಇನ್ನೊಂದು ಬಡ ಸಂಸಾರದೊಡನೆ ಕೂಡಿಸುವುದೂ ಅಪಾಯ. ಇದ್ದೊಬ್ಬ ರಾಣಿಯೂ ಹೋದಾಳು.

ಇನ್ನು ಆಹಾರ. ಒಂದು ಕಿಲೋ ಸಕ್ಕರೆಗೆ ಒಂದು ಲೀಟರು ಬಿಸಿನೀರು, ಕದಡಿ ತಣಿಸಿದರೆ ಪಾಕ ಸಿದ್ಧ. ಒಂದು ಪೆಟ್ಟಿಗೆಗೆ ಒಂದು ಲೋಟ, ಎಂದರೆ ಸುಮಾರು 200 ಮಿಲಿಲೀಟರು. ಗೆರಟೆಯಲ್ಲಿ ಹೊಯ್ದು, ನೊಣ ಮುಳುಗದಂತೆ ನಾಲ್ಕು ಒಣಹುಲ್ಲಿನ ಕಡ್ಡಿ ಹಾಕಿ, ಸಂಜೆ ಕತ್ತಲಾಗುವಾಗ ಪೆಟ್ಟಿಗೆಯ ಒಳಗಿಡಬೇಕು. ಮಳೆಗಾಲದಲ್ಲಿ ವಾರಕ್ಕೊಮ್ಮೆ ಸಾಕು. ಈಗ ಹೊರಗೆ ಹೂ ಕಡಿಮೆಯಿದ್ದರೆ ವಾರಕ್ಕೆ ಎರಡು ಸಲ, ಸ್ವಲ್ಪ ಸ್ವಲ್ಪವಾಗಿ. ಅಡಿಗಡಿಗೆ ಬರುವ ಸಿಹಿಯನ್ನು ಹೊರಗಿನ ಮಕರಂದವೆಂದೇ ಬಗೆದು ರಾಣಿ ಮೊಟ್ಟೆಯನ್ನು ಹೆಚ್ಚಿಸುವಳು. ಎಲ್ಲ ಪೆಟ್ಟಿಗೆಗಳಿಗೂ ಒಂದೇ ಸಂಜೆ ಕೊಡಿರಿ. ಒಂದಕ್ಕೆ ಕೊಟ್ಟು ಇನ್ನೊಂದಕ್ಕೆ ಕೊಡದಿದ್ದರೆ ಬಲಿಷ್ಠ ಪೆಟ್ಟಿಗೆಯ ನೊಣ ಬಡ ಪೆಟ್ಟಿಗೆಗೆ ನುಗ್ಗಿ ದೋಚುವುದು. ಹೊರಗೆ ಚೆಲ್ಲಿದರೂ ಅದೇ ಗತಿ, ಜೊತೆಗೆ ಇರುವೆ. ಬೆಲ್ಲದ ಪಾಕ ಬೇಡ. ಹುಳಿಯುವುದು, ನೊಣದ ಹೊಟ್ಟೆ ಕೆಡುವುದು. ಎಲ್ಲಿಯದೆಂದು ತಿಳಿಯದ ಅಂಗಡಿ ಜೇನನ್ನಂತೂ ಕೊಡಲೇಬಾರದು, ರೋಗ ಬರುವ ದಾರಿಗಳಲ್ಲಿ ಅದೂ ಒಂದು. ಗುಡ್ಡೆಯಲ್ಲಿ ಕಮ್ಯುನಿಸ್ಟ್ ಗಿಡ ಹೂಬಿಟ್ಟು ನೊಣ ತಾನಾಗಿ ತರತೊಡಗಿದ ಮೇಲೆ ಪಾಕ ನಿಲ್ಲಿಸಿರಿ. ಮೇಲೆ ಜೇನು ಕೋಣೆ ಇಟ್ಟ ಬಳಿಕವೂ ಸಕ್ಕರೆ ಕೊಟ್ಟರೆ, ಕುಪ್ಪಿಯಲ್ಲಿ ತುಂಬುವುದು ಸಕ್ಕರೆಯೇ.

ಶತ್ರುಗಳ ವಿಷಯ ಹೆಚ್ಚು ಬೆಳೆಸಬೇಕಾಗಿಲ್ಲ. ಅಡಿಹಲಗೆಯನ್ನು ಕತ್ತಿಯಿಂದ ಹೆರೆದು ಶುಚಿ ಮಾಡಿ, ಬಿಸಿಲಿಗೆ ಕಾಯಿಸಿ ಇಡಿರಿ. ತುಡುವೆ ಹಳೆಯ ಎರಿಯನ್ನು ತಾನೇ ಕಡಿದು ಕೆಳಗೆ ಉದುರಿಸುವ ಜಾತಿ. ಆ ಮೇಣದ ಪುಡಿಯಲ್ಲಿಯೇ ಮೇಣದ ಹುಳದ ಸಂಸಾರ ಆರಂಭವಾಗುವುದು. ಹೆರೆದದ್ದನ್ನು ಪೆಟ್ಟಿಗೆಯ ಬಳಿ ಎಸೆಯದೆ ಸುಟ್ಟುಬಿಡಿ. ಕಪ್ಪಾದ ಎರಿಗಳನ್ನು ಕರಗಿಸಿ ಮೇಣ ಮಾಡಿದರೆ ಅದಕ್ಕೂ ಬೆಲೆಯುಂಟು. ಪೆಟ್ಟಿಗೆಯ ಕಾಲಿನ ಬಟ್ಟಲುಗಳಲ್ಲಿ ನೀರಿದೆಯೇ ನೋಡಿರಿ. ನೀರಿದ್ದರೂ ಮಳೆಗಾಲದಲ್ಲಿ ಬೆಳೆದ ಹುಲ್ಲಿನ ಒಂದು ಎಸಳು ಪೆಟ್ಟಿಗೆಗೆ ತಾಗಿದ್ದರೆ ಇರುವೆಗೆ ಅದೇ ಸಂಕ. ಕಡಜ ಬಾಗಿಲಲ್ಲಿ ಹೊಂಚುವ ಕಾಲವೂ ಇದೇ. ಒಂದೆರಡು ನೊಣ ಹೋಗಬಹುದಾದಷ್ಟು ಬಾಗಿಲನ್ನು ಕಿರಿದು ಮಾಡಿ, ಹತ್ತಿರದಲ್ಲಿ ಅದರ ಗೂಡಿದ್ದರೆ ರಾತ್ರಿಯಲ್ಲಿ ನಾಶಮಾಡಬೇಕು. ಮುಚ್ಚಳ ಸೋರುತ್ತಿದ್ದರೆ ಮೇಲೊಂದು ಅಡಿಕೆ ಹಾಳೆ ಕಟ್ಟಿರಿ, ತುಲಾ ಮಾಸದ ಮಳೆ ಇನ್ನೂ ಬರಲಿಕ್ಕಿದೆ.

ಗೇರು ಚಿಗುರುವಾಗ ಕೆಲವರು ಕೀಟನಾಶಕ ಹೊಡೆಯುತ್ತಾರೆ. ಎಣ್ಮಕಜೆಯ ಪಡ್ರೆ ಕಡೆಯ ಹಿರಿಯರು ಗೇರು ತೋಪುಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎರಚುತ್ತಿದ್ದ ಕಾಲದಲ್ಲಿ ಜೇನು ಸತ್ತದ್ದನ್ನು ಕಂಡವರು. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಲ್ಲೆಲ್ಲ ತಡೆಯಿತು. ಬೇರೆ ಮದ್ದುಗಳು ಇಂದೂ ಇವೆ. ನೆರೆಯವರಲ್ಲಿ ಈಗಲೇ ಮಾತಾಡಿಟ್ಟುಕೊಳ್ಳಿರಿ: ಹೊಡೆಯಲೇಬೇಕಾದರೆ ಸಂಜೆ, ನೊಣ ಗೂಡು ಸೇರಿದ ಮೇಲೆ, ಹೂ ಅರಳಿದ ಮೇಲೆ ಬೇಡ. ಹಿಂದಿನ ದಿನ ಒಂದು ಮಾತು ಹೇಳಿ ಕಳುಹಿಸಿದರೂ ಸಾಕು.

ನೋಡಿ ಮುಗಿಸಿದ ಕೂಡಲೇ ಮುಚ್ಚಳದ ಒಳಮೈಯಲ್ಲಿ ಸೀಮೆಸುಣ್ಣದಿಂದ ದಿನಾಂಕ, ನೊಣ ಮುಚ್ಚಿದ ಎರಿಗಳ ಸಂಖ್ಯೆ, ಮೊಟ್ಟೆ ಕಂಡಿತೋ ಇಲ್ಲವೋ, ಈ ಮೂರನ್ನು ಬರೆದಿಡಿರಿ. ಪುಸ್ತಕದಲ್ಲಿ ಬರೆದರೆ ಪುಸ್ತಕ ಸಿಕ್ಕುವುದಿಲ್ಲ, ಮುಚ್ಚಳ ಎಲ್ಲಿಗೂ ಹೋಗುವುದಿಲ್ಲ. ಎರಡನೆಯ ತಪಾಸಣೆ ಅಕ್ಟೋಬರ್ 2ರ ರಜೆಯಲ್ಲಿ, ಮೂರನೆಯದು ಅದಾಗಿ ಹದಿನೈದು ದಿನಕ್ಕೆ. ಎರಿಗಳು ತುಂಬುತ್ತ ಬಂದಂತೆ ಅಡ್ಡಹಲಗೆಯನ್ನು ಹಿಂದಕ್ಕೆ ಸರಿಸಿ ಒಂದೊಂದೇ ಚೌಕಟ್ಟು ಸೇರಿಸಬೇಕು. ನವೆಂಬರಿನಲ್ಲಿ ಏಳು ಚೌಕಟ್ಟೂ ತುಂಬಿ, ಗಂಡು ನೊಣದ ಕೋಶಗಳು (ಅವುಗಳ ಉಬ್ಬಿದ ಮುಚ್ಚಳದ ನಡುವೆ ಸೂಜಿಯಿಂದ ಚುಚ್ಚಿದಂತೆ ಒಂದು ತೂತಿರುತ್ತದೆ) ಕಾಣಿಸಿಕೊಂಡರೆ, ಸಂಸಾರ ತಾನಾಗಿ ಪಾಲಾಗಿ ಹಾರುವ ಮೊದಲು ನಾವೇ ಪಾಲು ಮಾಡತಕ್ಕದ್ದು. ಡಿಸೆಂಬರ್ ಕಳೆದ ಮೇಲೆ ಮಾಡಿದ ಪಾಲು ಆ ವರ್ಷದ ರಬ್ಬರಿಗೆ ಒದಗುವುದಿಲ್ಲವೆಂಬುದು ಮೇಲಿನ ಲೆಕ್ಕದಿಂದಲೇ ತಿಳಿಯುವುದು. ಪಾಲು ಮಾಡುವ ವಿಧಾನವನ್ನು ಆ ಹೊತ್ತಿಗೆ ಬೇರೆಯೇ ಬರೆಯುವೆವು.